ಹನ್ನೆರಡನೇ ಜಾಗ

ಮೊನ್ನೆ ಮಜ್ಜಿಗೆಗೆ ಹಾಕೋಣವೆಂದು ಕಾಳಾ ನಮಕ್‌ನ, ಅಂದರೆ ಕಪ್ಪು ಉಪ್ಪಿನ, ಹೊಸ ಪೊಟ್ಟಣ ಕತ್ತರಿಸಿದೆ. ಅಡುಗೆಮನೆಯ ತುಂಬ ಆ ವಾಸನೆ ಹರಡಿತು. ನನ್ನ ಗಂಡ ಮೂಗು ಮುಚ್ಚಿಕೊಂಡು ಕಿಟಕಿ ತೆರೆದರು. ನಾನು ಕತ್ತರಿ ಹಿಡಿದುಕೊಂಡೇ ನಿಂತುಬಿಟ್ಟೆ. ಪಕ್ಕದ ಮನೆಯ ಆಂಟಿ ನೆನಪಾಗಿದ್ದರು.

ತೀರಿಹೋದವರನ್ನು ನೆನೆದರೆ ಕಣ್ಣಲ್ಲಿ ನೀರು ಬರಬೇಕು. ನನಗೂ ಬರುತ್ತದೆ. ಆದರೆ ಅದಕ್ಕಿಂತ ಒಂದು ಗಳಿಗೆ ಮೊದಲು ಹೊಟ್ಟೆಯಲ್ಲಿ ಸಣ್ಣಗೆ ಉರಿ ಏಳುತ್ತದೆ. ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡುವ ಹೆಂಗಸು ಅಮೆರಿಕದ ಈ ಮಾರಿಸ್‌ವಿಲ್‌ನಲ್ಲಿ ನಾನೊಬ್ಬಳೇ ಇರಬೇಕು.

ನಮ್ಮ ಟೌನ್‌ಹೌಸಿಗೂ ಅವರ ಟೌನ್‌ಹೌಸಿಗೂ ನಡುವೆ ಒಂದೇ ಗೋಡೆ. ಮೈಸೂರಿನವರು, ಮಕ್ಕಳ ಡಾಕ್ಟರು. ಗಂಡನ ಜೊತೆ ಈ ದೇಶಕ್ಕೆ ಬಂದು ನಲವತ್ತು ವರ್ಷದ ಮೇಲಾಗಿತ್ತು. ಗಂಡ ಹೋದ ಮೇಲೆ ದೊಡ್ಡ ಮನೆ ಮಾರಿ, ದೇವಸ್ಥಾನ ಹತ್ತಿರ ಎಂದು ಇಲ್ಲಿಗೆ ಬಂದಿದ್ದರು. ರೇಷ್ಮೆ ಸೀರೆಯ ಕೆಳಗೆ ಬಿಳಿ ವಾಕಿಂಗ್ ಶೂ ಹಾಕುತ್ತಿದ್ದರು. ಬೆಳಗ್ಗೆ ಕಾಫಿ ಆದ ಕೂಡಲೇ ಸೌಟಿನಿಂದ ಗೋಡೆಗೆ ಎರಡು ಸಲ ಬಡಿಯುವರು. ಬಾ ಎಂದು ಅದರ ಅರ್ಥ. ನಾನು ಒದ್ದೆ ಕೈ ಒರೆಸಿಕೊಂಡು ಓಡುತ್ತಿದ್ದೆ. ಆಗ ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಾರಿಲ್ಲದೆ ಈ ಊರಲ್ಲಿ ನಡೆದು ಮುಟ್ಟಬಹುದಾದ ಜಾಗವೆಂದರೆ ಅಂಚೆಡಬ್ಬಿ ಮತ್ತು ಅವರ ಮನೆ, ಎರಡೇ.

ನಾನು ಧಾರವಾಡದಲ್ಲಿ ಭೂವಿಜ್ಞಾನ ಓದಿದವಳು. ಎಂಎಸ್ಸಿ, ಮೊದಲ ದರ್ಜೆ. ಮದುವೆಯಾಗಿ ಗಂಡನ ವೀಸಾದ ಬಾಲ ಹಿಡಿದು ಬಂದೆ. ಆ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಕಲ್ಲು ಓದಿ ಬಂದವಳಿಗೆ ಇಲ್ಲಿನ ಅಕ್ಕಿಯಲ್ಲಿ ಆರಿಸಲು ಒಂದು ಕಲ್ಲೂ ಸಿಗಲಿಲ್ಲ. ಊರಿಂದ ತಂದ ಹಳದಿ ರಟ್ಟಿನ ಫೀಲ್ಡ್ ಪುಸ್ತಕವೊಂದು ಕಪಾಟಿನ ತಳದಲ್ಲಿತ್ತು. ಮಲ್ಪೆಯ ಎದುರಿನ ದ್ವೀಪಕ್ಕೆ ನಮ್ಮನ್ನು ಕರೆದೊಯ್ದಾಗ ಅಲ್ಲಿನ ಕಲ್ಲಿನ ಕಂಬಗಳನ್ನು ಅದರಲ್ಲಿ ಬರೆದಿದ್ದೆ. ಮುಂದಿನ ಪುಟಗಳೆಲ್ಲ ಖಾಲಿ.

ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಗೆ ಯುರೋಪಿನ ವಿಮಾನಗಳೆಲ್ಲ ನಿಂತವಲ್ಲ, ಆ ವರ್ಷದ ಮಾತು. ಎಲ್ಲರೂ ಊರಿಗೆ ಹೋಗುವ ಟಿಕೆಟ್ ಏನಾಯಿತೋ ಎಂದು ಒದ್ದಾಡುತ್ತಿದ್ದರೆ, ನಾನು ಟಿವಿಯ ಮುಂದೆ ಅನ್ನ ಸೀದದ್ದೂ ತಿಳಿಯದೆ ಕೂತಿದ್ದೆ. ಆಂಟಿ ವಾಸನೆಗೆ ಬಂದರು. ಅವರನ್ನು ಕೂರಿಸಿಕೊಂಡು ಎರಡು ಗಂಟೆ ಹೇಳಿದೆ. ಚಪಾತಿ ಹಿಟ್ಟಿನ ಉಂಡೆಯನ್ನು ಎರಡೂ ಕಡೆಯಿಂದ ಎಳೆದು, ಭೂಮಿಯ ಎರಡು ಫಲಕಗಳು ಹೀಗೆ ದೂರವಾಗುತ್ತವೆ, ಸಮುದ್ರದ ತಳದಲ್ಲಿ ನಡೆಯುವ ಈ ಕೆಲಸ ಐಸ್‌ಲ್ಯಾಂಡಿನಲ್ಲಿ ನೆಲದ ಮೇಲೇ ಕಾಣುತ್ತದೆ ಎಂದು ತೋರಿಸಿದೆ. ನಮ್ಮ ಮನೆಗಳ ಕೆಳಗಿನ ಈ ಕೆಂಪು ಮಣ್ಣು ಕೂಡ ಹಾಗೇ ಸೀಳಲು ಹೊರಟ ಒಂದು ಪುರಾತನ ಬಿರುಕಿನದು ಎಂದೆ.

"ಅಂದ್ರೆ ಬಿರುಕಿನ ಮೇಲೇ ಮನೆ ತಗೊಂಡಿದೀನಾ? ಹೋಮ್ ಇನ್‌ಸ್ಪೆಕ್ಷನ್ ಮಾಡ್ದೋನು ಇದನ್ನ ಹೇಳ್ಲೇ ಇಲ್ವಲ್ಲೇ," ಎಂದರು ಆಂಟಿ.

"ಹೆದರಬ್ಯಾಡ್ರಿ. ಅದು ಅರ್ಧಕ್ಕ ನಿಂತ ಬಿರುಕು," ಎಂದೆ. ಅವರು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. "ನೀನು ಪಾಠ ಮಾಡ್ಬೇಕಿತ್ತು ಕಣೇ," ಎಂದರು. ನನ್ನನ್ನು ಹಾಗೆ ನೋಡಿದವರು ಈ ದೇಶದಲ್ಲಿ ಅವರೊಬ್ಬರೇ...

ಎರಡು ವರ್ಷ ಕಳೆದು ಒಂದು ಬೆಳಗ್ಗೆ ಕಾಫಿ ಲೋಟ ನನ್ನ ಕಡೆ ಸರಿಸುತ್ತ ಹೇಳಿದರು. "ಐಸ್‌ಲ್ಯಾಂಡ್ ಬುಕ್ ಮಾಡ್ಬಿಟ್ಟೆ. ಜುಲೈನಲ್ಲಿ, ಹತ್ತು ದಿನ. ನೀನು ಅಷ್ಟು ಹೇಳಿದ್ಯಲ್ಲ, ತಲೇಲಿ ಕೂತ್ಬಿಟ್ಟಿತ್ತು. ನೀನೂ ಬಾ, ರೂಮ್ ಶೇರ್ ಮಾಡೋಣ."

ಆಸೆ ನನ್ನದು, ಟಿಕೆಟ್ ಅವರದು.

"ನನ್ನ ವೀಸಾ ಸ್ಟ್ಯಾಂಪ್ ಎಕ್ಸ್‌ಪೈರ್ ಆಗೇತ್ರಿ ಆಂಟಿ. ಹೊರಗ ಹೋದ್ರ ತಿರುಗಿ ಬರಾಕ ಮತ್ತ ಸ್ಟ್ಯಾಂಪಿಂಗ್ ಆಗಬೇಕು. ಇವರ ಎಕ್ಸ್‌ಟೆನ್ಷನ್ ಬ್ಯಾರೆ ಪೆಂಡಿಂಗ್ ಐತಿ."

"ಅಯ್ಯೋ, ನಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲಪ್ಪ. ಗ್ರೀನ್ ಕಾರ್ಡು ಮೇಲ್‌ನಲ್ಲಿ ಬಂತು, ಫ್ರಿಜ್ ಮೇಲೆ ಇಟ್ಟು ಮರೆತೇ ಹೋಗಿತ್ತು."

ಅವರು ಚುಚ್ಚಲು ಹೇಳಿದ್ದಲ್ಲ. ಅವರಿಗೆ ಚುಚ್ಚಿ ಅಭ್ಯಾಸವಿದ್ದದ್ದು ಸೂಜಿಯಲ್ಲಿ ಮಾತ್ರ, ಅದೂ ಮಗುವಿಗೆ ಗೊತ್ತಾಗದ ಹಾಗೆ. ಆದರೆ ನನಗೆ ಆ ಫ್ರಿಜ್ ಕಣ್ಣ ಮುಂದೆ ಬಂದು ನಿಂತಿತು. ಆ ಕಾರ್ಡಿಗೆ ನಾವು ಸಾಲಿನಲ್ಲಿ ನಿಂತು ವರ್ಷಗಳಾಗಿದ್ದವು. ಅವರು ಅದನ್ನು ಬಾಳೆಹಣ್ಣಿನ ಪಕ್ಕ ಇಟ್ಟು ಮರೆತಿದ್ದರು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಸಾಲ್ಟಿಗೂ ಕಡಪ ಕಲ್ಲಿಗೂ ವ್ಯತ್ಯಾಸ ತಿಳಿಯದ ಹೆಂಗಸಿಗೆ ಐಸ್‌ಲ್ಯಾಂಡು. ಎರಡನ್ನೂ ಅವರು 'ಕಪ್ಪು ಕಲ್ಲು' ಎನ್ನುತ್ತಿದ್ದರು.

ಮೇಲಿಂದ ಇನ್ನೊಂದು ಕೇಳಿದರು. "ಏನೇನು ನೋಡ್ಬೇಕು ಅಂತ ಬರೆದು ಕೊಡು. ಟೂರ್‌ನವರು ಹೇಳೋದು ಬೇಡ, ನೀನು ಹೇಳು."

ಹಳದಿ ಪುಸ್ತಕ ತೆಗೆದೆ. ಮೂರು ಮಧ್ಯಾಹ್ನ ಊಟದ ಮೇಜಿನ ಮೇಲೆ ಬರೆದೆ. ಬಿಸಿನೀರು ಚಿಮ್ಮುವ ಜಾಗಕ್ಕೆ ಒಂದು ಚಿತ್ರ, ಕಪ್ಪು ಮರಳಿನ ದಂಡೆಗೆ ಒಂದು, ಮಲ್ಪೆಯದರಂತೆಯೇ ಆದರೆ ಅದಕ್ಕಿಂತ ಎತ್ತರದ ಕಂಬಗಳಿಗೆ ಒಂದು. ಹಿಮನದಿ ಹೇಗೆ ಬೂದಿಯನ್ನು ಹೊತ್ತು ಕಪ್ಪಾಗುತ್ತದೆ, ಪಾಚಿ ಬೆಳೆದ ಲಾವಾದ ಮೇಲೆ ಏಕೆ ಕಾಲಿಡಬಾರದು, ನಲ್ಲಿಯ ನೀರಿಗೆ ಏಕೆ ಗಂಧಕದ ವಾಸನೆ... ಬರೆಯುತ್ತ ಬರೆಯುತ್ತ ಸಂತೋಷವಾಗಿಬಿಟ್ಟಿತು, ನಿಜ ಹೇಳಬೇಕು. ಹನ್ನೊಂದು ಜಾಗ ಆಯಿತು. ಹನ್ನೆರಡು ಎಂದು ಅಂಕೆ ಹಾಕಿದೆ.

ಹನ್ನೆರಡನೆಯದು ನಾನು ಕಾಣಬೇಕೆಂದಿದ್ದ ಜಾಗ. ವಿಮಾನ ನಿಲ್ದಾಣದಿಂದ ದೂರವೇನಿಲ್ಲ, ಬೋಳು ಲಾವಾ ಬಯಲಿನಲ್ಲಿ ಒಂದು ಸೀಳು. ಅದರ ಮೇಲೆ ನಡೆದು ದಾಟುವ ಸಣ್ಣ ಸೇತುವೆ. ಒಂದು ತುದಿ ಅಮೆರಿಕದ ಫಲಕ, ಇನ್ನೊಂದು ತುದಿ ಯುರೋಪಿನದು. ಧಾರವಾಡದಲ್ಲಿ ಅದರ ಫೋಟೊ ನೋಡಿದ ದಿನ, ನಾನೊಮ್ಮೆ ಇದನ್ನು ದಾಟುತ್ತೇನೆ ಎಂದು ಹಾಸ್ಟೆಲಿನ ಗೆಳತಿಯರಿಗೆ ಹೇಳಿದ್ದೆ. ಅವರು ಚಹಾ ಚೆಲ್ಲುವಷ್ಟು ನಕ್ಕಿದ್ದರು.

ಪೆನ್ನಿಗೆ ಮುಚ್ಚಳ ಹಾಕಿದೆ. ಆಮೇಲೆ ಪುಸ್ತಕ ಮುಚ್ಚಿದೆ. ಅದೊಂದನ್ನು ಬರೆಯಲಿಲ್ಲ.

"ಹನ್ನೆರಡು ಖಾಲಿ ಬಿಟ್ಟಿದೀಯಲ್ಲ?" ಎಂದು ಆಂಟಿ ಪುಟ ತಿರುವುತ್ತ ಕೇಳಿದರು.

"ತಪ್ಪಿ ಅಂಕಿ ಹಾಕೀನ್ರಿ. ಹನ್ನೊಂದ ಅದಾವ," ಎಂದೆ. ಡಾಕ್ಟರ ಮುಂದೆ ಸುಳ್ಳು ಹೇಳುವುದು ಕಷ್ಟ. ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ ಪುಸ್ತಕವನ್ನು ಕೈಚೀಲಕ್ಕೆ ಹಾಕಿಕೊಂಡರು.

ಆ ಹತ್ತು ದಿನ ಗೋಡೆ ಸುಮ್ಮನಿತ್ತು. ನಾನು ಮಾತ್ರ ದಿನವೂ ಅಲ್ಲಿನ ಹವಾಮಾನ ನೋಡುತ್ತಿದ್ದೆ. ಮಳೆ ಎಂದಿದ್ದರೆ ಒಳಗೊಳಗೇ ಹಿತವಾಗುತ್ತಿತ್ತು. ಇಂಥವಳು ನಾನು.

ತಿರುಗಿ ಬಂದ ಮೇಲೆ ವರಮಹಾಲಕ್ಷ್ಮಿ ಹಬ್ಬದ ಸಂಜೆ ಅರಿಶಿನ ಕುಂಕುಮಕ್ಕೆ ಎಲ್ಲರನ್ನೂ ಕರೆದರು. ಗಂಡ ಹೋದವರು ಕರೆಯಬಾರದೆಂಬ ಮಾತಿಗೆ ಅವರು ಕಿವಿಗೊಡುತ್ತಿರಲಿಲ್ಲ. ನಮ್ಮಲ್ಲಿ ಪ್ರವಾಸ ಹೋಗಿ ಬಂದವರು ಊಟವಾದ ಮೇಲೆ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸುವುದು ರೂಢಿ. ಕೋಸಂಬರಿ ತಿಂದ ಋಣಕ್ಕೆ ಉಳಿದವರು ನೋಡಬೇಕು. ಹದಿನೈದಿಪ್ಪತ್ತು ಜನ ಹೆಂಗಸರು ತಾಂಬೂಲದ ಚೀಲ ಹಿಡಿದು ಕೂತರು. ನಾನು ಬಾಗಿಲ ಹತ್ತಿರ ಕೂತೆ.

"ಮೊದಲ್ನೇ ದಿನ ಶವರ್ ತಿರುಗಿಸಿದ್ರೆ ಮೊಟ್ಟೆ ವಾಸನೆ," ಎಂದು ಶುರು ಮಾಡಿದರು. "ಮಡಿ ಎಲ್ಲ ಹೋಯ್ತು ಅಂದ್ಕೊಂಡೆ. ಎರಡನೇ ದಿನ ಹೊಳೀತು, ಇದು ನಮ್ಮ ಕಾಳಾ ನಮಕ್ಕು. ಚಾಟ್ ಮಸಾಲೇಲೇ ಸ್ನಾನ ಮಾಡ್ದಂಗಾಯ್ತು."

ಎಲ್ಲರೂ ನಕ್ಕರು. ನಾನು ಗಂಧಕದ ಬಗ್ಗೆ ಒಂದು ಪುಟ ಬರೆದದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಅದಕ್ಕೂ ಹೊಟ್ಟೆ ಉರಿಯಿತು. ಪ್ರತಿ ಫೋಟೊಗೂ ನನ್ನ ಕಡೆ ಕೈ ತೋರಿಸಿ, "ಇವಳೇ ನನ್ನ ಗೈಡು, ಟೂರ್‌ನವನಿಗೇ ನಾನು ಪಾಠ ಹೇಳ್ದೆ," ಎನ್ನುತ್ತಿದ್ದರು. ಅವರು ಹೊಗಳಿದಷ್ಟೂ ನನಗೆ ಕಿರಿಕಿರಿ. ಕಪ್ಪು ಮರಳು ಬಂತು, ಕಂಬಗಳು ಬಂದವು. ಕಂಬಗಳ ಮುಂದೆ ಅವರು ಹಸಿರು ಸೀರೆಯುಟ್ಟು, ಮೇಲೆ ಕೆಂಪು ಜಾಕೆಟ್ ಹಾಕಿ ನಿಂತಿದ್ದರು. ಇದ್ದಕ್ಕಿದ್ದಂತೆ, "ಹನ್ನೊಂದೂ ನೋಡ್ದೆ," ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗು ಸರಿಮಾಡಿಕೊಂಡೆ.

ಕೊನೆಯ ಫೋಟೊದಲ್ಲಿ ಬರೀ ಅವರ ಬಿಳಿ ಶೂಗಳು, ಕಪ್ಪು ಮರಳಿನ ಮೇಲೆ. "ಇದೇನಿಲ್ಲ, ಏರ್‌ಪೋರ್ಟ್ ದಾರಿ," ಎಂದು ಲ್ಯಾಪ್‌ಟಾಪ್ ಮುಚ್ಚಿಬಿಟ್ಟರು.

ಸೇತುವೆ ಬರಲಿಲ್ಲ. ಅವರು ಅದನ್ನು ಕಂಡಿರಲಿಲ್ಲ. ನನಗೆ ಎಷ್ಟು ಹಗುರಾಯಿತೆಂದರೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡು ತಿಂದೆ. ಹೊರಡುವಾಗ ಆಂಟಿ ಬಾಗಿಲಲ್ಲಿ ಕುಂಕುಮ ಇಡುತ್ತ, "ಪುಸ್ತಕ ನನ್ನ ಹತ್ರಾನೇ ಇರ್ಲಿ. ನೀನು ಅಲ್ಲಿಗೆ ಹೋಗುವಾಗ ಕೊಡ್ತೀನಿ," ಎಂದರು. ನಾನು ಹೋಗುವಾಗಂತೆ. ಆ ಮಾತು ಮನೆಯವರೆಗೂ ಕುಟುಕಿತು. ಮನೆ ಎಂದರೆ ಹತ್ತು ಹೆಜ್ಜೆ.

ಆಮೇಲೆ ಗೋಡೆ ಬಡಿದರೂ ನಾನು ದಿನವೂ ಹೋಗಲಿಲ್ಲ. ಕುಕ್ಕರ್ ಕೂಗುತ್ತಿತ್ತು, ಕೇಳಿಸಲಿಲ್ಲ ಎನ್ನುತ್ತಿದ್ದೆ. ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಆಯಿತು. ಅವರು ಕಾರಣ ಕೇಳಲಿಲ್ಲ. ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ. ಕಲಿತ ಮೇಲೆ ಅವರ ಮನೆಯ ಮುಂದಿನಿಂದಲೇ ಕಾರು ತೆಗೆದುಕೊಂಡು ಬೇರೆಯವರ ಮನೆಗೆ ಹೋಗುತ್ತಿದ್ದೆ. ಒಂದು ದಿನ ಗೋಡೆ ಬಡಿಯುವುದು ನಿಂತಿತು. ಮನೆ ಮಾರಿ, ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿರುವ ಮಗಳ ಹತ್ತಿರ ಹೋಗುತ್ತಾರೆಂದು ಯಾರೋ ದೇವಸ್ಥಾನದಲ್ಲಿ ಹೇಳಿದರು. ಹೊರಡುವ ದಿನ ಐದು ನಿಮಿಷ ಹೋಗಿ ಚಕ್ಕುಲಿಯ ಡಬ್ಬಿ ಕೊಟ್ಟು ಬಂದೆ. ಪೆಟ್ಟಿಗೆಗಳ ನಡುವೆ ನಿಂತು ನನ್ನ ಕೆನ್ನೆ ತಟ್ಟಿದರು. "ಪಾಠ ಮಾಡೇ," ಎಂದರು. ಅಷ್ಟೇ... ಆಮೇಲೆ ನಾನು ಅವರನ್ನು ನೋಡಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಎರಡು ತಿಂಗಳ ಮೇಲೆ ಮಗಳು ಫೋನ್ ಮಾಡಿದಳು. ಇಲ್ಲೇ ಹುಟ್ಟಿದವಳು, ಕನ್ನಡವನ್ನು ಬಿಸಿ ಪಾತ್ರೆಯ ಹಾಗೆ ಹುಷಾರಾಗಿ ಎತ್ತಿ ಇಡುತ್ತಾಳೆ. "ಹಲೋ, ಒಂದು ಯೆಲ್ಲೋ ಬುಕ್ ಇದೆ. ಅಮ್ಮ ನಿಮ್ಗೆ ಕೊಡು ಅಂತ ಹೇಳಿದ್ರು. ಐ ಕಾಂಟ್ ರೀಡ್ ಇಟ್. ಮೇಲ್ ಮಾಡ್ತೀನಿ, ಓಕೆ?"

ಅಂಚೆಯಲ್ಲಿ ಪುಸ್ತಕ ಬಂತು. ಪ್ರತಿ ಜಾಗದ ಪಕ್ಕ ಪೆನ್ಸಿಲಿನ ಗುರುತು. ಹನ್ನೊಂದಕ್ಕೂ ಗುರುತು. ನಾನು ಖಾಲಿ ಬಿಟ್ಟ ಹನ್ನೆರಡರ ಮುಂದೆ ಡಾಕ್ಟರರ ಆ ಕೋಳಿಕಾಲಿನ ಅಕ್ಷರದಲ್ಲಿ ಅವರು ಬರೆದಿದ್ದರು:

"ಏರ್‌ಪೋರ್ಟಿಗೆ ಹೋಗೋ ದಾರೀಲಿ ಡ್ರೈವರ್ ಒಂದು ಸೇತುವೆ ಹತ್ರ ನಿಲ್ಲಿಸಿದ. ಆ ಕಡೆ ಒಂದು ಖಂಡ, ಈ ಕಡೆ ಒಂದು. ಚಪಾತಿ ಹಿಟ್ಟು ನೆನಪಾಯ್ತು. ಇದನ್ನ ಅವಳು ಮರೆತಿರೋಕೆ ಸಾಧ್ಯಾನೇ ಇಲ್ಲ. ತನಗೇ ಅಂತ ಇಟ್ಕೊಂಡಿದಾಳೆ. ಎಲ್ಲರೂ ದಾಟಿದ್ರು, ನಾನು ಈಚೆನೇ ನಿಂತೆ. ಅವಳು ಮೊದಲು ದಾಟಲಿ."

ಬಿಳಿ ಶೂಗಳ ಆ ಫೋಟೊ ಅಲ್ಲಿಯದು. ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಅಷ್ಟು ಜನರ ಮುಂದೆ ನನ್ನನ್ನು ಗೈಡು ಎಂದರು, ಹೋಳಿಗೆ ಹಾಕಿದರು, ಆಮೇಲೂ ಎಷ್ಟೋ ತಿಂಗಳು ಗೋಡೆ ಬಡಿದರು.

ಈಗ ನಮಗೂ ಗ್ರೀನ್ ಕಾರ್ಡ್ ಬಂದಿದೆ. ಅದನ್ನು ಫ್ರಿಜ್ ಮೇಲೆ ಇಟ್ಟಿಲ್ಲ, ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಜುಲೈಗೆ ಐಸ್‌ಲ್ಯಾಂಡಿನ ಟಿಕೆಟ್ ಮಾಡೋಣವೆಂದು ನನ್ನ ಗಂಡ ಮೂರು ಸಲ ಕೇಳಿದರು. ಮಜ್ಜಿಗೆಗೆ ಉಪ್ಪು ಕದಡುತ್ತ ನೋಡೋಣ ಎಂದೆ. ಪಕ್ಕದ ಮನೆಗೆ ಬೇರೆ ಯಾರೋ ಬಂದಿದ್ದಾರೆ, ಒಳ್ಳೆಯವರು, ಗೋಡೆ ಬಡಿಯುವುದಿಲ್ಲ.

ಆ ಸೇತುವೆ ದಾಟಲು ಹೆಚ್ಚೆಂದರೆ ಒಂದು ನಿಮಿಷ ಬೇಕು. ಅಷ್ಟು ದೂರ ಹೋಗಿ ಅದರ ಮುಂದೆ ಸುಮ್ಮನೆ ನಿಲ್ಲಲು ಅವರಿಗೆ ಸಾಧ್ಯವಾಯಿತಲ್ಲ, ನನ್ನ ಹೊಟ್ಟೆಕಿಚ್ಚು ಈಗ ಅದರ ಮೇಲೆ. ಅವರ ಜಾಗದಲ್ಲಿ ನಾನಿದ್ದಿದ್ದರೆ ದಾಟುತ್ತಿದ್ದೆ. ದಾಟಿ, ನಟ್ಟನಡುವೆ ನಿಂತು ಫೋಟೊ ತೆಗೆಸಿಕೊಂಡು, ತಿರುಗಿ ಬಂದ ಕೂಡಲೇ ಮೊದಲು ಅವರಿಗೇ ತೋರಿಸುತ್ತಿದ್ದೆ.