ಲರೇಡೋ ಎಂದು ಬರೆದ ಬಾಟಲಿ

ಬಾಟಲಿಗಳು ಐದು. ಮೊದಲು ಆರು ಎಂದು ಬರೆದು ಹೊಡೆದುಹಾಕಿದೆ. ಆರನೆಯದು ನನ್ನ ತಲೆಯಲ್ಲಿ ಎಲ್ಲಿಂದ ಬಂತೋ ಗೊತ್ತಿಲ್ಲ. ನನ್ನ ತಂಗಿ ಪುಳಿಯೋಗರೆ ಗೊಜ್ಜು ಕುದಿಸಿ, ಆರಿಸಿ, ಐದು ಪುಟ್ಟ ಗಾಜಿನ ಬಾಟಲಿಗಳಿಗೆ ತುಂಬಿದಳು. ಮುಚ್ಚಳದ ಮೇಲೆ ಬಿಳಿ ಟೇಪ್ ಅಂಟಿಸಿ ಒಂದೊಂದರ ಮೇಲೆ ಒಂದೊಂದು ಊರು ಬರೆದಳು: ಶಾಮ್‌ಬರ್ಗ್, ಸೇಂಟ್ ಲೂಯಿಸ್, ಟಲ್ಸಾ, ಡಲ್ಲಸ್, ಲರೇಡೋ. ಮಿಶಿಗನ್ನಿನ ನಾರ್ತ್‌ವಿಲ್‌ನಲ್ಲಿರುವ ಅವಳ ಮನೆಯಿಂದ ಮೆಕ್ಸಿಕೋ ಗಡಿಗೆ ಸಾವಿರದ ಆರುನೂರು ಚಿಲ್ಲರೆ ಮೈಲಿ. ಐದು ದಿನದ ದಾರಿ, ದಿನಕ್ಕೊಂದು ಬಾಟಲಿ. ಲರೇಡೋ ಗಡಿಯ ಊರು. ಅಲ್ಲಿಗೆ ನಮ್ಮ ಬುತ್ತಿ ಮುಗಿದಿರಬೇಕು, ಗಡಿಯ ನದಿಯ ಸೇತುವೆ ದಾಟಿದ ಮೇಲೆ ಮೆಕ್ಸಿಕೋದವರ ಊಟ.

ಅವಳಿಗೆ ಆಗ ನಲವತ್ತೊಂದು ವರ್ಷ. ಕಾಯಿಲೆ ಎದೆಯಿಂದ ಲಿವರ್‌ಗೆ ಹೋಗಿತ್ತು. ಒಂದು ಔಷಧಿ ಸೋತು ಇನ್ನೊಂದು ಶುರುವಾಗುವ ಮುಂಚೆ ಡಾಕ್ಟರು ಮೂರು ವಾರ ಬಿಡುವು ಕೊಟ್ಟಿದ್ದರು, ಅಕ್ಟೋಬರಿನಲ್ಲಿ. ಎಲ್ಲಿಗಾದರೂ ಹೋಗುವ ಆಸೆಯಿದ್ದರೆ ಈಗಲೇ ಹೋಗಿಬನ್ನಿ ಎಂದರಂತೆ. ನಾನು ಆ ಕೋಣೆಯಲ್ಲಿರಲಿಲ್ಲ. ಆದರೂ ಡಾಕ್ಟರ ಮುಖ, ಅವರ ಮೇಜಿನ ಮೇಲಿದ್ದ ಟಿಶ್ಯೂ ಡಬ್ಬಿ, ಎಲ್ಲ ನನಗೆ ನೆನಪಿದೆ. ಇಂಥ ನೆನಪನ್ನು ನಂಬಬಾರದು ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮೆಕ್ಸಿಕೋ ಯಾಕೆ ಎಂದು ನಾನೂ ಕೇಳಿದ್ದೆ.

"ಬೇರೆ ದೇಶಾನೇ ನೋಡ್ಬೇಕು ಅಂದ್ರೆ ಕೆನಡಾ ನಿಮ್ಮನೆಯಿಂದ ಮುಕ್ಕಾಲು ಗಂಟೆ ಕಣೇ."

"ಕೆನಡಾದಲ್ಲಿ ಏನಿದೆ? ಇಲ್ಲಿರೋ ಚಳಿನೇ ಅಲ್ಲೂ ಇದೆ. ದುಡ್ಡು ಕೊಟ್ಟು ಅದೇ ಚಳಿ ನೋಡ್ಕೊಂಡು ಬರ್ಲಾ?"

ಕೀಮೋ ಕೊಡುವ ಕಡೆ ಪಕ್ಕದ ಕುರ್ಚಿಯಲ್ಲಿ ಮೆಕ್ಸಿಕೋದ ಒಬ್ಬ ಹೆಂಗಸು ಕೂರುತ್ತಿದ್ದಳಂತೆ. ಅವಳ ಊರಿನ ಬೀದಿಯಲ್ಲಿ ಸೀಬೆಹಣ್ಣು ಹೆಚ್ಚಿ ಉಪ್ಪು ಖಾರ ಉದುರಿಸಿ ಕೊಡುತ್ತಾರೆ, ಹುಣಸೆಹಣ್ಣಿನ ಉಂಡೆ ಮಾರುತ್ತಾರೆ, ಸಂಜೆ ಜನ ಸುಮ್ಮನೆ ಬೀದಿಗೆ ಬಂದು ಕೂರುತ್ತಾರೆ ಎಂದು ಹೇಳಿದ್ದಳಂತೆ. ತಂಗಿಗೆ ಅಷ್ಟು ಸಾಕಾಯಿತು. "ನಮ್ಮ ದೇವರಾಜ ಮಾರ್ಕೆಟ್ಟಿಗೆ ಕಾರಲ್ಲಿ ಹೋಗಕ್ಕಾಗುತ್ತೆ ಅಂದ್ಕೋ. ಒಂದ್ಸ್ವಲ್ಪ ದೂರ, ಅಷ್ಟೆ."

ಮೈಸೂರಿಗೇ ಹೋಗಬಹುದಿತ್ತಲ್ಲ ಎಂದು ಆಮೇಲೆ ಕೇಳಿದವರಿದ್ದಾರೆ. ಅವಳ ಪಾಸ್‌ಪೋರ್ಟಿನಲ್ಲಿದ್ದ ಅಮೆರಿಕದ ವೀಸಾ ಸ್ಟ್ಯಾಂಪಿನ ಅವಧಿ ಮುಗಿದು ಎರಡು ವರ್ಷವಾಗಿತ್ತು. ಇಲ್ಲಿರಲು, ಕೆಲಸ ಮಾಡಲು ಅದು ಬೇಕಿಲ್ಲ, ಅದಕ್ಕೆ ಬೇರೆ ಕಾಗದ ಇರುತ್ತದೆ. ಆದರೆ ಭಾರತಕ್ಕೆ ಹೋದರೆ ಹೊಸ ಸ್ಟ್ಯಾಂಪ್ ಇಲ್ಲದೆ ಮರಳುವಂತಿಲ್ಲ. ಅದಕ್ಕೆ ಎಷ್ಟು ತಿಂಗಳು ಕಾಯಬೇಕೋ ಯಾರಿಗೂ ಗೊತ್ತಿಲ್ಲ. ಅವಳ ಔಷಧಿ, ಅವಳ ಮಗಳ ಸ್ಕೂಲು ಇಲ್ಲಿ. ಮೆಕ್ಸಿಕೋಗಾದರೆ ದಾರಿಯಿತ್ತು. ಅಲ್ಲಿ ಹೋಗಿ ಮೂವತ್ತು ದಿನದೊಳಗೆ ಮರಳಿದರೆ, ಕಾಗದ ಸರಿಯಿದ್ದರೆ, ಹಳೆಯ ಸ್ಟ್ಯಾಂಪಿನಲ್ಲೇ ಅಮೆರಿಕ ಒಳಗೆ ಬಿಡುತ್ತದೆ. ವಾರಾಂತ್ಯದ ಊಟಗಳಲ್ಲಿ, ಮಕ್ಕಳ ಹುಟ್ಟುಹಬ್ಬಗಳಲ್ಲಿ ನಮ್ಮವರು ಇದನ್ನು ಮಂತ್ರದಂತೆ ಹೇಳಿಕೊಳ್ಳುತ್ತಾರೆ.

ಕಾಗದಪತ್ರದ ಜವಾಬ್ದಾರಿ ನನ್ನದು. ಯಾರೂ ವಹಿಸಲಿಲ್ಲ, ನಾನೇ ತೆಗೆದುಕೊಂಡೆ. ನನಗೆ ಗ್ರೀನ್ ಕಾರ್ಡ್ ಬಂದು ಆರು ವರ್ಷವಾಗಿತ್ತು. ಹಿಂದಿನ ವರ್ಷ ನಾನು ಮೆಕ್ಸಿಕೋದ ಸಮುದ್ರದ ಊರೊಂದಕ್ಕೆ ವಿಮಾನದಲ್ಲಿ ಹೋಗಿ, ಕಾರ್ಡ್ ತೋರಿಸಿ, ಸಲೀಸಾಗಿ ಬಂದಿದ್ದೆ. ಹಾಗಾಗಿ ನಾನು ತಜ್ಞೆ.

"ಅಲ್ಲಿ ಏನೂ ಕೇಳಲ್ಲ ಕಣೇ. ನಾನು ಹೋಗಿ ಬಂದಿಲ್ವಾ? ವಾಪಸ್ ಬರೋವಾಗ ಮಾತ್ರ ನಿನ್ನ ಕಾಗದ ಎಲ್ಲ ಬೇಕು. ನಾನು ಫೈಲ್ ಮಾಡ್ಕೊಡ್ತೀನಿ."

ಮಾಡಿಕೊಟ್ಟೆ. ನೀಲಿ ಫೋಲ್ಡರು. ಅವಳದು, ಅವಳ ಗಂಡನದು, ಹದಿನಾಲ್ಕರ ಮಗಳ ಅಮೆರಿಕದ ಪಾಸ್‌ಪೋರ್ಟು, ಎಲ್ಲದರ ಎರಡೆರಡು ನಕಲು. ಶಾಮ್‌ಬರ್ಗ್‌ನ ನನ್ನ ಮನೆಯಲ್ಲಿ ಪ್ರಿಂಟ್ ತೆಗೆದು, ಶುಕ್ರವಾರ ರಜೆ ಹಾಕಿ, ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ನಾರ್ತ್‌ವಿಲ್‌ಗೆ ಹೋದೆ.

ಆ ವಾರಾಂತ್ಯ ಮನೆ ತುಂಬ ತಯಾರಿ. ತಂಗಿಯ ಗಂಡ ವ್ಯಾನಿನ ಮಧ್ಯದ ಸೀಟು ಬಿಚ್ಚಿ ಗ್ಯಾರೇಜಿನಲ್ಲಿಟ್ಟು ಆ ಜಾಗಕ್ಕೆ ಹಾಸಿಗೆ ಹಾಕಿದ್ದ. ಅವನು ಮಾತು ಕಮ್ಮಿ. ಪ್ರತಿ ಅರ್ಧ ಗಂಟೆಗೆ ಒಳಗೆ ಬಂದು "ಅಕ್ಕ, ದಿಂಬು ಎರಡು ಸಾಕಾ ಮೂರು ಬೇಕಾ?" ಎಂದು ನನ್ನನ್ನು ಕೇಳುತ್ತಿದ್ದ, ಹೆಂಡತಿ ಪಕ್ಕದಲ್ಲೇ ಕೂತಿದ್ದರೂ. ಮಗಳು ಹೋಟೆಲುಗಳ ಪಟ್ಟಿ ಮಾಡುತ್ತಿದ್ದಳು.

"ರೂಮಲ್ಲಿ ಕುಕ್ಕರ್ ಇಟ್ರೆ ಸ್ಮೋಕ್ ಅಲಾರ್ಮ್ ಹೊಡ್ಕೊಳ್ಳುತ್ತಾ ಕೇಳೇ ಅವ್ರನ್ನ," ಎಂದಳು ನನ್ನ ತಂಗಿ.

"ಮಾಮ್, ಐ ಆಮ್ ನಾಟ್ ಆಸ್ಕಿಂಗ್ ದಟ್."

"ಕೇಳ್ಬೇಡ. ಫೈರ್ ಇಂಜಿನ್ ಬಂದಾಗ ನೀನೇ ಅವ್ರ ಹತ್ರ ಇಂಗ್ಲಿಷಲ್ಲಿ ಮಾತಾಡು."

ಒಲೆಯ ಮೇಲೆ ಗೊಜ್ಜು ಕುದಿಯುತ್ತಿತ್ತು. ಮನೆಯೆಲ್ಲ ಹುಣಸೆಹುಳಿ, ಇಂಗು. ಅವಳಿಗೆ ನಾಲಿಗೆಯ ರುಚಿ ಹೋಗಿ ತಿಂಗಳುಗಳಾಗಿದ್ದವು, ಎಲ್ಲ ತಗಡು ನೆಕ್ಕಿದಂತೆ ಎನ್ನುತ್ತಿದ್ದಳು. ಸ್ಟೂಲಿನ ಮೇಲೆ ಕೂತೇ ಸೌಟು ಆಡಿಸುತ್ತಾ ಹೇಳಿದಳು: "ಅಕ್ಕ, ಉಪ್ಪು ನೋಡೇ. ನಂಗೆ ಗೊತ್ತಾಗಲ್ಲ."

ನಾನು ಊಟದ ಮೇಜಿನ ಹತ್ತಿರ ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದೆ. "ಸರಿಯಾಗಿದೆ," ಎಂದೆ, ಏಳದೆ.

ಇದನ್ನು ನಾನು ಎಷ್ಟೋ ಸಲ ಹೇಳಿದ್ದೇನೆ, ಹೇಳುವಾಗೆಲ್ಲ ಹೀಗೇ ಹೇಳಿದ್ದೇನೆ. ರುಚಿ ನೋಡದೆ ಸರಿಯಾಗಿದೆ ಎಂದ ಅಕ್ಕ.

ಲ್ಯಾಪ್‌ಟಾಪಿನಲ್ಲಿ ತೆರೆದಿದ್ದು ಮೆಕ್ಸಿಕೋ ಪ್ರವೇಶದ ಅರ್ಜಿ. ಅದೊಂದು ಸುಮ್ಮನೆ ತುಂಬುವ ಕಾಗದ ಎಂದುಕೊಂಡು ಕೊನೆಗೆ ಉಳಿಸಿಕೊಂಡಿದ್ದೆ. ಹೊರಡಲು ಇನ್ನು ಏಳು ದಿನ. ತಂಗಿಯ ಹೆಸರು, ಪಾಸ್‌ಪೋರ್ಟ್ ನಂಬರು ತುಂಬಿದೆ. ಯಾವ ದೇಶದ ಪ್ರಜೆ, ಭಾರತ. ಆಮೇಲೆ ಮೆಕ್ಸಿಕೋದ ವೀಸಾ ನಂಬರು ಕೇಳಿತು. ಅದಿಲ್ಲದಿದ್ದರೆ ಅಮೆರಿಕದ ಗ್ರೀನ್ ಕಾರ್ಡು, ಇಲ್ಲವೇ ಅವಧಿ ಮುಗಿಯದ ಅಮೆರಿಕದ ವೀಸಾ.

ಮೂರು ಸಲ ಓದಿದೆ. ಆಮೇಲೆ ಬೇರೆ ಪುಟ ತೆರೆದು ಓದಿದೆ. ಹಳೆಯ ಸ್ಟ್ಯಾಂಪಿನಲ್ಲಿ ವಾಪಸ್ ಬಿಡುವುದು ಅಮೆರಿಕ. ಒಳಗೆ ಬಿಡಬೇಕಾದದ್ದು ಮೆಕ್ಸಿಕೋ. ಆ ಮೂವತ್ತು ದಿನದ ಮಾತು ಮೆಕ್ಸಿಕೋದ್ದಲ್ಲ.

ಇದು ನಾವು ಮಾತ್ರ ಮಾಡಬಹುದಾದ ತಪ್ಪು. ಇಷ್ಟು ವರ್ಷ ನಾವು ಒಂದೇ ದೇಶದ ಬಾಗಿಲಿಗೆ ಹೆದರಿಕೊಂಡು ಬದುಕಿದವರು. ಮದುವೆ, ಸಾವು, ಹೆರಿಗೆ, ಏನೇ ಇರಲಿ, ಮೊದಲು ಕೇಳುವುದು 'ವಾಪಸ್ ಬರಕ್ಕಾಗುತ್ತಾ?' ಎಂದು. ಮೆಕ್ಸಿಕೋಗೂ ಒಂದು ಬಾಗಿಲಿದೆ, ಅಲ್ಲೂ ಒಬ್ಬರು ಕೂತು ಪಾಸ್‌ಪೋರ್ಟ್ ತೆರೆದು ನೋಡುತ್ತಾರೆ ಎಂದು ನಮ್ಮ ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಬೇಕಿತ್ತು, ಆ ಬಾಗಿಲಲ್ಲಿ ನಿಂತು ಬಂದವಳು ನಾನು. ಆದರೆ ನನ್ನ ಕಾರ್ಡ್ ನೋಡಿ ಅವರು ತಲೆಯಾಡಿಸಿ ಬಿಟ್ಟಿದ್ದರು. ಸಲೀಸಾಗಿ ತೆರೆದುಕೊಂಡದ್ದನ್ನು ಬಾಗಿಲು ಎಂದು ಯಾರು ನೆನಪಿಟ್ಟುಕೊಳ್ಳುತ್ತಾರೆ.

ಅವಳಿಗೆ ಹೇಗೆ ಹೇಳಿದೆ? ಒಂದು ನೆನಪಿನಲ್ಲಿ ಅಡುಗೆಮನೆಯಲ್ಲೇ ಹೇಳಿದೆ, ಅವಳು ಸೌಟು ಕೆಳಗಿಟ್ಟಳು. ಇನ್ನೊಂದರಲ್ಲಿ ಗ್ಯಾರೇಜಿಗೆ ಹೋಗಿ ಅವಳ ಗಂಡನಿಗೆ ಹೇಳಿದೆ, ಅವನು ದಿಂಬು ಹಿಡಿದುಕೊಂಡೇ ನಿಂತಿದ್ದ, ಅವನೇ ಹೋಗಿ ಹೇಳಿದ. ಎರಡರಲ್ಲಿ ಯಾವುದು ನನ್ನನ್ನು ಕಡಿಮೆ ಹೇಡಿಯಾಗಿ ತೋರಿಸುತ್ತದೋ ಅದೇ ಸುಳ್ಳಿರಬೇಕು.

ಅವಳು ಹೇಳಿದ್ದು ಮಾತ್ರ ಖಚಿತ, ಯಾಕೆಂದರೆ ಅದು ನಾನು ಕಟ್ಟಬಹುದಾದ ಮಾತಲ್ಲ. "ಹೋಗ್ಲಿ ಬಿಡೇ. ನೀನು ಪಿಯುಸಿ ಹಾಲ್ ಟಿಕೆಟ್ಟೂ ಮನೇಲಿ ಬಿಟ್ಟು ಹೋಗಿದ್ದೆ. ನಾನಲ್ವಾ ಸೈಕಲಲ್ಲಿ ತಂದ್ಕೊಟ್ಟಿದ್ದು?"

ಮೆಕ್ಸಿಕೋದ ವೀಸಾಕ್ಕೆ ಅಪ್ಲೈ ಮಾಡಬೇಕಿತ್ತು. ಡೆಟ್ರಾಯ್ಟ್, ಶಿಕಾಗೋ ಎರಡೂ ಕಡೆಯ ಅವರ ಕಾನ್ಸುಲೇಟಿನಲ್ಲಿ ತಾರೀಖು ನೋಡಿದೆ. ಬೇಗ ಎಂದರೆ ನವೆಂಬರಿನ ಒಂದು ಬುಧವಾರ ಸಿಕ್ಕಿತು. ಅಷ್ಟರಲ್ಲಿ ಹೊಸ ಔಷಧಿ ಶುರುವಾಗಿರುತ್ತದೆ. ಆದರೂ ಬುಕ್ ಮಾಡಿದೆ, ನನ್ನ ಇಮೇಲ್ ಕೊಟ್ಟು. ಟೆಕ್ಸಸ್‌ವರೆಗಾದರೂ ಹೋಗೋಣ, ಈ ದಡದಿಂದ ಆ ದಡ ನೋಡಬಹುದು ಎಂದ ಅವಳ ಗಂಡ. "ಬಾಗಿಲು ನೋಡ್ಕೊಂಡು ಬರಕ್ಕೆ ಐದು ದಿನ ಹೋಗ್ತಾರೇನ್ರೀ?" ಎಂದಳು.

ಹೊರಡಬೇಕಿದ್ದ ಶನಿವಾರ ಬೆಳಿಗ್ಗೆ ನಾನು ಮತ್ತೆ ನಾರ್ತ್‌ವಿಲ್‌ನಲ್ಲಿದ್ದೆ. ಎದ್ದು ನೋಡಿದರೆ ತಂಗಿ ಹಸಿರು ಕಾಟನ್ ಸೀರೆ ಉಟ್ಟು, ತಲೆಗೆ ಉಣ್ಣೆಯ ಟೋಪಿ ಹಾಕಿಕೊಂಡು, ಬಾಗಿಲಲ್ಲಿ ಕೂತಿದ್ದಾಳೆ. ಕೈಯಲ್ಲಿ ನಾಲ್ಕು ನಿಂಬೆಹಣ್ಣು.

"ತಂದಾಗಿದೆ. ವೇಸ್ಟ್ ಮಾಡ್ಬೇಡಿ. ನಡೀರಿ, ಒಂದು ರೌಂಡ್."

ಮಗಳು ನಾಲ್ಕು ಚಕ್ರಕ್ಕೂ ಹಣ್ಣಿಟ್ಟಳು. ನಾನು ಬಾನೆಟ್ಟಿಗೆ ಕುಂಕುಮ ಇಟ್ಟೆ. ಎದುರು ಮನೆಯವರು ನಾಯಿ ಹಿಡಿದುಕೊಂಡು ನಿಂತು ನೋಡಿ ಕೈಬೀಸಿದರು. ವ್ಯಾನು ಹಿಂದಕ್ಕೆ ಸರಿದಾಗ ಹಣ್ಣುಗಳು ಪಚಕ್ಕೆಂದವು. ನಾಲ್ಕೂ ಒಡೆದವು. ಒಂದು ಒಡೆಯದೆ ಚರಂಡಿಗೆ ಉರುಳಿತು ಎಂದು ಎಲ್ಲೋ ಬರೆದುಕೊಂಡಿದ್ದೇನೆ. ಅದು ಆಮೇಲೆ ಸೇರಿಸಿದ್ದು, ಆಗ ಏನಾದರೂ ಅಪಶಕುನ ಬೇಕಿತ್ತು ನನಗೆ.

ಬಡಾವಣೆ ದಾಟಿ, ಹೈವೇ ಹತ್ತಿ, ಕೆಲವೇ ಎಕ್ಸಿಟ್ ಹೋಗುವಷ್ಟರಲ್ಲಿ ಅವಳಿಗೆ ಹೊಟ್ಟೆ ತೊಳಸಿತು. ಅವಳ ಗಂಡ ಪಕ್ಕದ ಊರು ಲಿವೋನಿಯಾದಲ್ಲಿ ಹೈವೇ ಬಿಟ್ಟು ತನ್ನ ಆಫೀಸಿನ ಪಾರ್ಕಿಂಗ್ ಲಾಟಿಗೆ ತಿರುಗಿಸಿದ. ಅವನಿಗೆ ಗೊತ್ತಿದ್ದ ಹತ್ತಿರದ ಖಾಲಿ ಜಾಗ ಅದೇ. ಶನಿವಾರ, ಒಂದು ಕಾರೂ ಇಲ್ಲ. ವ್ಯಾನಿನ ಪಕ್ಕದ ಬಾಗಿಲು ಸರಿಸಿದೆವು. ಅವಳು ಹಾಸಿಗೆಯ ಮೇಲೆ ಒರಗಿ ಹೊರಗೆ ನೋಡಿದಳು. ಹಳದಿ ಗೆರೆಗಳು, ದೀಪದ ಕಂಬಗಳು, ಗಾಜಿನ ಕಟ್ಟಡ, ಕಸದ ಡಬ್ಬಿ.

"ಮೆಕ್ಸಿಕೋ ತುಂಬ ಬೋರು ಕಣೇ," ಎಂದಳು.

ಮಗಳು ಮೊದಲು ನಕ್ಕಳು. ಆಮೇಲೆ ತಂಗಿಯ ಗಂಡ ನಕ್ಕ, ನಗುತ್ತಾ ನಗುತ್ತಾ ವ್ಯಾನಿನ ಹಿಂದಕ್ಕೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಅನ್ನದ ಡಬ್ಬಿ ತೆರೆದೆ. ಮೊದಲ ದಿನದ ಬಾಟಲಿ, ಶಾಮ್‌ಬರ್ಗ್, ನನ್ನ ಊರು. ಕಲಸಿ ನಾಲ್ಕು ತಟ್ಟೆಗೆ ಹಾಕಿದೆ. ಉಪ್ಪೇ ಇರಲಿಲ್ಲ. ಒಂದು ಹರಳೂ ಇರಲಿಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ತಿಂದೆವು. ರುಚಿ ಗೊತ್ತಾಗದವಳು "ಹೇಗಿದೆ?" ಎಂದಳು. "ಚೆನ್ನಾಗಿದೆ," ಎಂದೆವು. ಹೀಗೆ ನನಗೆ ನೆನಪು.

ಅವಳಿಗೆ ಮೊದಲೇ ಗೊತ್ತಿತ್ತೇನೋ ಎಂದು ಒಂದು ಯೋಚನೆ ಆಗಾಗ ಬರುತ್ತದೆ. ತಾರೀಖು, ಕಾಗದ, ಎಲ್ಲ ನನಗಿಂತ ಚುರುಕಾಗಿ ನೋಡುತ್ತಿದ್ದವಳು. ಹೋಗಲಾಗುವುದಿಲ್ಲ ಎಂದು ತಿಳಿದೇ ತಯಾರಿ ಮಾಡಿದಳೇ, ಗೊಜ್ಜು ಕುದಿಸಿದಳೇ? ಹಾಗಿದ್ದರೆ ನನ್ನ ತಪ್ಪು ಅರ್ಧವಾಗುತ್ತದೆ. ಆ ಕಾರಣಕ್ಕೇ ಅದನ್ನು ದೂರ ಇಟ್ಟಿದ್ದೇನೆ.

ಹೊಸ ಔಷಧಿ ಹಿಡಿಯಲಿಲ್ಲ. ನವೆಂಬರಿನ ಆ ಬುಧವಾರ ಅವಳು ಆಸ್ಪತ್ರೆಯಲ್ಲಿದ್ದಳು. ನಾಳೆ ನಿಮ್ಮ ಅಪಾಯಿಂಟ್‌ಮೆಂಟ್, ಪಾಸ್‌ಪೋರ್ಟ್ ತನ್ನಿ ಎಂಬ ಇಮೇಲ್ ಹಿಂದಿನ ದಿನ ನನಗೆ ಬಂದಿತ್ತು. ಅದನ್ನು ಅಳಿಸಿಲ್ಲ. ಜನವರಿಯಲ್ಲಿ ಅವಳು ಹೋದಳು.

ಏಪ್ರಿಲಿನಲ್ಲಿ ಅವರ ಫ್ರಿಜ್ ಕೆಟ್ಟಿತು. ಖಾಲಿ ಮಾಡಲು ನಾನು ಹೋದೆ. ತಂಗಿಯ ಗಂಡ ಹೊಸದನ್ನು ನೋಡಲು ಅಂಗಡಿಗೆ ಹೋಗಿದ್ದ. ಕೆಳಗಿನ ಶೆಲ್ಫಿನ ಹಿಂಬದಿಯಲ್ಲಿ ಒಂದೇ ಬಾಟಲಿ. ಲರೇಡೋ. ಟೇಪಿನ ಮೇಲೆ ಅವಳ ದುಂಡು ಅಕ್ಷರ. ನಡುವಿನ ಮೂರು ಊರುಗಳನ್ನು ಯಾರು ಯಾವಾಗ ತಿಂದರೋ ತಿಳಿಯದು.

ಮುಚ್ಚಳ ತಿರುಗಿಸಿದೆ. ಆತುರವಿತ್ತು. ಅವಳ ಅಡುಗೆಯಲ್ಲಿ ಉಳಿದದ್ದು ಇದಿಷ್ಟೇ ಎಂಬುದು ಒಂದು ಕಾರಣ. ನನ್ನ ತಪ್ಪಿಗೆ ಇದೊಂದೇ ಸಾಕ್ಷಿ, ಅದೇ ದಿನದ ಅದೇ ಗೊಜ್ಜು ಎಂಬುದು ಇನ್ನೊಂದು. ಪ್ರಯಾಣಕ್ಕೆಂದು ತಂದಿದ್ದ ಪುಟ್ಟ ಕುಕ್ಕರಿನಲ್ಲಿ ಅನ್ನ ಇಟ್ಟೆ. ಬಿಸಿ ಅನ್ನಕ್ಕೆ ಗೊಜ್ಜು ಹಾಕಿ ಕಲಸಿ ಬಾಯಿಗಿಟ್ಟೆ.

ಉಪ್ಪು ಸರಿಯಾಗಿತ್ತು.

ಇನ್ನೊಂದು ತುತ್ತು. ಸರಿಯಾಗಿತ್ತು. ಅಮ್ಮ ಮಾಡುತ್ತಿದ್ದಷ್ಟೇ, ಒಂದು ಹರಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಗಾದರೆ ಅಂದು ನಾನು ಎದ್ದು ಹೋಗಿ ರುಚಿ ನೋಡಿದ್ದೆನೇ? ಅಥವಾ ಅವಳ ಕೈಗೇ ಗೊತ್ತಿತ್ತೇ, ನಾಲಿಗೆ ಬೇಕಿರಲಿಲ್ಲವೇ? ಲಿವೋನಿಯಾದಲ್ಲಿ ಸಪ್ಪೆಯಾಗಿದ್ದುದು ಏನು, ನನ್ನ ಬಾಯಿಯೇ? ಆರು ತಿಂಗಳು ನಾನು ಮಾಡದ ತಪ್ಪೊಂದನ್ನು ಹೊತ್ತಿದ್ದೆ. ಮಾಡಿದ ತಪ್ಪು ಇಮೇಲಿನಲ್ಲಿ ಹಾಗೇ ಇದೆ, ಅದಕ್ಕೆ ರುಚಿ ನೋಡುವುದು ಬೇಕಿಲ್ಲ.

ತಿನ್ನುತ್ತಲೇ ಇದ್ದೆ. ನಿಂತುಕೊಂಡೇ, ಕುಕ್ಕರಿನ ಪಾತ್ರೆಯಿಂದಲೇ. ಬಾಟಲಿಗೆ ಚಮಚ ಹಾಕಿ ತಳದವರೆಗೆ ಕೆರೆದೆ. ಮಗಳು ಮೇಲಿನಿಂದ ಇಳಿದು ಬಂದು, ವಾಸನೆ ಹಿಡಿದು, ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಟೇಪಿನ ಮೇಲಿನ ಕನ್ನಡ ಅವಳಿಗೆ ಓದಲು ಬರುವುದಿಲ್ಲ. ಆದರೂ ಏನೆಂದು ತಿಳಿಯಿತು.

"ದೊಡ್ಡಮ್ಮ, ಇಸ್ ದೇರ್ ಸಮ್ ಫಾರ್ ಡ್ಯಾಡ್?"

"ಇದೆ," ಎಂದೆ.

ಆಮೇಲೆ ಬಾಟಲಿ ನೋಡಿದೆ.