ಹೊಟ್ಟೇದಾ, ಮಂಚದ್ದಾ?

೧೯೯೭ರಲ್ಲಿ ನಾನು ತಿ. ನರಸೀಪುರದ ಒಂದು ಚಿಕ್ಕ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ನನ್ನ ಊರು ನಂಜನಗೂಡು. ದಿನಾ ಬಸ್ಸಿನಲ್ಲಿ ಓಡಾಟ. ಆ ನರ್ಸಿಂಗ್ ಹೋಮ್ ಈಗಿಲ್ಲ, ಕಟ್ಟಡ ಬಟ್ಟೆ ಅಂಗಡಿಯಾಗಿದೆ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೀಯ ಎಂದು ಯಾರಾದರೂ ಅಂದರೆ ಅದೂ ನಿಜವೇ.

ಮೊದಲು ‘ಹುಳ’ ಎಂಬ ಮಾತಿನ ಬಗ್ಗೆ ಹೇಳಬೇಕು. ನಮ್ಮ ಕಡೆ ಅಕ್ಕಿಯಲ್ಲಿರುವುದು ಹುಳ, ಹಲ್ಲು ತಿನ್ನುವುದು ಹುಳ, ಮಕ್ಕಳ ಹೊಟ್ಟೆಯಲ್ಲಿರುವುದೂ ಹುಳ. ಕತ್ತಲಾದ ಮೇಲೆ ಹಾವನ್ನೂ ಹುಳ ಎನ್ನುತ್ತೇವೆ, ಹೆಸರು ಹೇಳಿದರೆ ಬಂದೀತೆಂಬ ಭಯಕ್ಕೆ. ತಿಗಣೆಯನ್ನು ಹುಳ ಎನ್ನುವುದು ಮಾತ್ರ ಭಯಕ್ಕಲ್ಲ, ನಾಚಿಕೆಗೆ. ಮನೆಯಲ್ಲಿ ಜಿರಳೆ ಕಾಟ ಎಂದು ಯಾರು ಬೇಕಾದರೂ ಹೇಳಿಕೊಳ್ಳುತ್ತಾರೆ. ತಿಗಣೆ ಇದೆ ಎಂದು ಗೊತ್ತಾದರೆ ನೆಂಟರು ಆ ಮನೆಯಲ್ಲಿ ರಾತ್ರಿ ಉಳಿಯುವುದಿಲ್ಲ, ಹೆಣ್ಣು ಕೊಡುವವರೂ ಹಿಂದೆಮುಂದೆ ನೋಡುತ್ತಾರೆ.

ಒಂದು ಮಧ್ಯಾಹ್ನ ಬನ್ನೂರು ಕಡೆಯ ಹಳ್ಳಿಯಿಂದ ರತ್ನ ಎಂಬ ಹುಡುಗಿಯನ್ನು ಟೆಂಪೋದಲ್ಲಿ ಕರೆತಂದರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಜೊತೆಗೆ ಅವಳ ಅತ್ತೆ ಸಾಕಮ್ಮ. ಹುಡುಗಿಗೆ ವಾಂತಿ, ಹೊಟ್ಟೆನೋವು, ಬಾಯಲ್ಲಿ ಜೊಲ್ಲು.

“ಉಳದ ಔಸ್ದಿ ಕುಡ್ದವ್ಳೆ ಸಾ. ಗೊತ್ತಿಲ್ದೆ ಒಸಿ ಜಾಸ್ತಿ ಆಗೋಯ್ತು,” ಎಂದಳು ಸಾಕಮ್ಮ.

ಹೊಟ್ಟೆಹುಳ ಹೋಗಲು ಕೊಡುವ ಸಿರಪ್ಪಿಗೂ ಜನ ಹುಳದ ಔಷಧಿ ಎಂದೇ ಹೇಳುತ್ತಾರೆ. ಅದಾದರೆ ಅಷ್ಟು ಗಾಬರಿಯಿಲ್ಲ. ಆದರೆ ಡಾಕ್ಟರು ಟಾರ್ಚ್ ಬಿಟ್ಟು ನೋಡಿದಾಗ ಅವಳ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಕೀಟನಾಶಕ ಮೈಗೇರಿದಾಗ ಹಾಗಾಗುತ್ತದೆ. “ಸಿಸ್ಟರ್, ಯಾವ ಔಷಧಿ ಅಂತ ಬಿಡಿಸಿ ಕೇಳಿ,” ಎಂದರು.

ಸಾಕಮ್ಮನನ್ನು ಪಕ್ಕಕ್ಕೆ ಕರೆದೆ. “ಯಾವ ಹುಳದ್ದಮ್ಮ? ಹೊಟ್ಟೇದಾ, ಮಂಚದ್ದಾ?”

ಆಕೆ ಸೆರಗನ್ನು ಬಾಯಿಗೊತ್ತಿಕೊಂಡು ನೆಲ ನೋಡಿದಳು. ಸೊಸೆಯ ಉಸಿರು ಗೊರಗುಟ್ಟುತ್ತಿದ್ದರೂ ಈಕೆ ಬಾಯಿ ಬಿಡಲೊಲ್ಲಳು. ಬೇಗ ಹೇಳದಿದ್ದರೆ ಹುಡುಗಿ ಕೈತಪ್ಪಿ ಹೋಗುತ್ತಾಳೆ ಎಂದು ಗದರಿದೆ.

“ಮಂಚದ್ದು ಕಣವ್ವ. ಮೆಲ್ಗೆ ಮಾತಾಡು, ಜನ ಅವ್ರೆ.”

ಹೊಟ್ಟೆ ತೊಳೆದು, ಅಟ್ರೋಪಿನ್ ಎಂಬ ಪ್ರತಿವಿಷದ ಇಂಜೆಕ್ಷನ್ ಶುರುಮಾಡಿದೆವು. ಇಂಥ ಪ್ರಕರಣ ಎಂಎಲ್‌ಸಿ, ಎಂದರೆ ಪೊಲೀಸರಿಗೆ ತಿಳಿಸಲೇಬೇಕಾದದ್ದು; ಅವರಿಗೂ ತಿಳಿಸಿದೆವು. ಮುಂದಿನ ಎರಡು ದಿನ ರತ್ನ ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಾ, “ತಿಗ್ಣೆ, ತಿಗ್ಣೆ” ಎಂದು ಹೊದಿಕೆ ಕಿತ್ತೆಸೆಯುತ್ತಿದ್ದಳು. ಅಟ್ರೋಪಿನ್ ಏರಿದಾಗ ಇಲ್ಲದ ಹುಳ ಕಾಣುವುದುಂಟು. ಹಾಗೆಂದು ಸಾಕಮ್ಮನಿಗೆ ವಿವರಿಸಿದವಳು ನಾನೇ. ವಿವರಣೆ ಸರಿಯಾಗಿಯೇ ಇತ್ತು. ಆದರೆ ನಮ್ಮ ಮಂಚಗಳಲ್ಲಿ ನಿಜವಾದ ತಿಗಣೆಯೂ ಇತ್ತು. ಆಯಾಗಳಿಂದ ಡಾಕ್ಟರವರೆಗೆ ಎಲ್ಲರಿಗೂ ಗೊತ್ತಿತ್ತು. ರೋಗಿಗಳು ದೂರಿದರೆ “ನೀವು ತಂದ ಕಂಬಳಿಯಲ್ಲಿ ಬಂದಿರಬೇಕು” ಎನ್ನುವುದು ನಮ್ಮಲ್ಲಿ ರೂಢಿ. ನಾನೂ ಹಾಗೇ ಹೇಳುತ್ತಿದ್ದೆ, ಮುಖ ಗಂಟಿಕ್ಕಿಕೊಂಡು ಬೇರೆ.

ಬುದ್ಧಿ ತಿಳಿಯಾದ ಮೇಲೆ ರತ್ನ ನಡೆದದ್ದನ್ನು ಹೇಳಿದಳು. ಗಂಡನ ಮನೆಗೆ ನೆಂಟರು ಬಂದಿದ್ದರು. ರಾತ್ರಿಯೆಲ್ಲ ಕೆರೆದುಕೊಂಡು ಬೆಳಗಾಗುತ್ತಲೇ ಹೊರಟುಬಿಟ್ಟರು. ಮರ್ಯಾದೆ ಹೋಯಿತೆಂದು ಸಾಕಮ್ಮ ಬೀದಿಯಲ್ಲಿ ನಿಂತು, ಸೊಸೆಯ ತವರಾದ ತಾಂಡವಪುರದಿಂದ ಬಂದ ಮದುವೆ ಹಾಸಿಗೆಯಲ್ಲೇ ಇವು ಬಂದದ್ದು ಎಂದು ಕೂಗಿ ಹೇಳಿದಳು. ಅಂದಿನಿಂದ ಬೀದಿಯವರ ಬಾಯಲ್ಲಿ ರತ್ನ ‘ತಿಗ್ಣೆ ತಂದೋಳು’. ನೀರಿಗೆ ಹೋದರೂ ಅದೇ, ಅಂಗಡಿಗೆ ಹೋದರೂ ಅದೇ. ತಡೆಯಲಾರದೆ, ಮಂಚಕ್ಕೆ ಹೊಡೆಯಲು ತಂದಿಟ್ಟಿದ್ದ ಔಷಧಿಯನ್ನೇ ಕುಡಿದಿದ್ದಳು.

ಮರುದಿನ ಬೆಳಿಗ್ಗೆ ನಾನು ಅವಳ ಬಿಪಿ ನೋಡುತ್ತಿದ್ದೆ. ಅವಳ ಮುಂಗೈ ಮೇಲೆ ಒಂದು ತಿಗಣೆ ಹರಿದುಹೋಯಿತು. ಅವಳು ನೋಡಿದಳು, ನಾನು ನೋಡಿದೆ, ಕಾಫಿ ಲೋಟ ಹಿಡಿದು ಬಂದ ಸಾಕಮ್ಮನೂ ನೋಡಿದಳು.

“ಇಲ್ಗೂ ನಾನೇ ತಂದ್ನಾ ಅಕ್ಕ?” ಎಂದಳು ರತ್ನ.

ಪಕ್ಕದ ಮಂಚಗಳ ಹೆಂಗಸರು ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ರೂಢಿಯ ಮಾತು ನಾಲಿಗೆಯ ತುದಿಯಲ್ಲಿತ್ತು, ಕೆಲಸ ಹೋದೀತೆಂಬ ಅಳುಕೂ ಇತ್ತು. ನನ್ನ ಮೌನವನ್ನು ಹೌದೆಂದು ತಿಳಿದು ಅವಳು ಗೋಡೆಯ ಕಡೆ ತಿರುಗಿದಳು. ಆ ಗಳಿಗೆ ನೆನಪಾದರೆ ಈಗಲೂ ನಾಚಿಕೆಯಿಂದ ಹಿಡಿಯಷ್ಟಾಗುತ್ತೇನೆ.

ಆಮೇಲೆ ಹಾಸಿಗೆಯ ಮೂಲೆ ಎತ್ತಿ ಮಂಚದ ಸಂದಿ ತೋರಿಸಿದೆ. ಕಪ್ಪು ಚುಕ್ಕೆ, ಪೊರೆ, ಮೊಟ್ಟೆ ಎಲ್ಲ ಅಲ್ಲಿತ್ತು. “ಇವು ನಮ್ಮವು ರತ್ನ. ನಮ್ಮ ಆಸ್ಪತ್ರೆ ತಿಗಣೆ. ನೀನು ಬರೋಕೆ ಮುಂಚಿನಿಂದ ಇವೆ,” ಎಂದು ವಾರ್ಡಿಗೆಲ್ಲ ಕೇಳುವಂತೆ ಹೇಳಿದೆ.

ಸಾಕಮ್ಮ ಬಗ್ಗಿ ಆ ಸಂದಿಯನ್ನೇ ನೋಡಿದಳು. ಲೋಟ ಕೆಳಗಿಟ್ಟು ನನ್ನ ಕಿವಿಯ ಹತ್ತಿರ ಬಂದಳು. “ನಮ್ಮನೇಲೂ ಅಂಗೇ ಕಣವ್ವ. ಇವ್ಳು ಬರಕ್ ಮದ್ಲೇ ಇದ್ದೋ.”

“ನನಗಲ್ಲಮ್ಮ, ಅವಳಿಗೆ ಹೇಳಿ.”

ಆಕೆ ಸೊಸೆಯ ಬೆನ್ನ ಕಡೆ ನಿಂತು ಅದೇ ಮಾತನ್ನು ಹೇಳಿದಳು, ಅಷ್ಟೇ ಮೆಲ್ಲಗೆ. ರತ್ನ ತಿರುಗಲಿಲ್ಲ.

“ಅವತ್ತು ಬೀದೀಲಿ ಅಂದ್ರಲ್ಲತ್ತೆ,” ಎಂದಳು. “ಇದ್ನೂ ಬೀದೀಲೇ ಯೋಳಿ.”

ಸಾಕಮ್ಮ ಬೀದಿಯಲ್ಲಿ ಹೇಳಿದಳೋ ಇಲ್ಲವೋ ನನಗೆ ತಿಳಿಯದು. ರತ್ನ ಬದುಕಿ, ತನ್ನ ಕಾಲಮೇಲೆ ನಡೆದು ಮನೆಗೆ ಹೋದಳು. ರೋಗಿ ‘ಹುಳ’ ಎಂದರೆ ಯಾವ ಹುಳ ಎಂದು ಕೇಳದೆ ಮುಂದಕ್ಕೆ ಹೋಗಬಾರದೆಂದು ಹೊಸ ನರ್ಸ್‌ಗಳಿಗೆ ನಿವೃತ್ತಿಯವರೆಗೂ ಹೇಳಿಕೊಟ್ಟೆ. ಆದರೆ ‘ಇದ್ನೂ ಬೀದೀಲೇ ಯೋಳಿ’ ಎಂದು ರತ್ನ ಅಂದದ್ದು ಅತ್ತೆಗೊಬ್ಬಳಿಗೇ ಎಂದು ನನಗೆ ಅನ್ನಿಸಿಲ್ಲ. ಅವಳಿಗಿಂತ ಮುಂಚೆ ಅದೇ ಮಂಚಗಳಲ್ಲಿ ಮಲಗಿ, ನಿಮ್ಮ ಕಂಬಳಿಯಲ್ಲೇ ಬಂದದ್ದು ಎಂದು ನನ್ನಿಂದ ಅನ್ನಿಸಿಕೊಂಡು, ತಲೆ ತಗ್ಗಿಸಿ ಊರಿಗೆ ಹೋದವರಿದ್ದಾರೆ. ಅವರ ಬೀದಿಗಳಿಗೆ ನಾನೂ ಹೋಗಿಲ್ಲ.