ಲಾಡಿ ಕಟ್ಟಿ ಲೈನ್ ಉಳಿಸುವ ಭಾಗ್ಯಕ್ಕ

ಚಾಮರಾಜಪೇಟೆಯ ಲಕ್ಷ್ಮೀದೇವಮ್ಮನವರ ವಠಾರದ ತಾರಸಿಯ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಭಾಗ್ಯ ಕುಕ್ಕರಗಾಲಲ್ಲಿ ಕೂತಿದ್ದಾರೆ. ಹಲ್ಲಿನ ನಡುವೆ ಒಂದು ತುಂಡು ಲಾಡಿ, ಕೈಯಲ್ಲಿ ಇನ್ನೊಂದು. ಹೌದು ಸ್ವಾಮಿ, ಲಾಡಿಯೇ, ಲಂಗಕ್ಕೆ ಪೋಣಿಸುವ ಬಿಳಿ ಲಾಡಿ. ಎದುರಿಗೆ ಇಂಟರ್‌ನೆಟ್ಟಿನ ಪೆಟ್ಟಿಗೆ. ಅದರಿಂದ ಹೊರಟ ವೈರ್‌ಗಳು ವಠಾರದ ಮನೆಮನೆಗೂ ಇಳಿಯುತ್ತವೆ. ನಿನ್ನೆಯವರೆಗೆ ಅವು ವಾರದಿಂದ ಬಾಚದ ಜಡೆಯಂತಿದ್ದವು. ಈಗ ಸಾಲಾಗಿ ಗೋಡೆ ಹಿಡಿದಿವೆ. ಒಂದೊಂದರ ಕುತ್ತಿಗೆಗೂ ಒಂದು ಲಾಡಿ, ಅದರ ಮೇಲೆ ದುಂಡಗಿನ ಕನ್ನಡ ಅಕ್ಷರ.

"ಪೇಪರ್ ಸ್ಟಿಕ್ಕರ್ ಅಂಟಿಸಿದ್ರೆ ಬಿಸ್ಲಿಗೆ ಉದುರ್ಹೋಗುತ್ತೆ ಸಾರ್. ಪ್ಲಾಸ್ಟಿಕ್ ಪುಡಿಪುಡಿ ಆಗುತ್ತೆ. ಲಾಡಿಗೆ ಏನೂ ಆಗಲ್ಲ. ಬಟ್ಟೆಗೆ ಗುರುತು ಹಾಕೋ ಇಂಕಲ್ಲಿ ಬರೀತೀನಿ, ಮಳೆ ಹುಯ್ದ್ರೂ ಅಳಿಸಲ್ಲ" ಎನ್ನುತ್ತಾರೆ ಭಾಗ್ಯ.

ಕೆಳಗಿನಿಂದ ಲಕ್ಷ್ಮೀದೇವಮ್ಮನವರ ಕೂಗು: "ಏ ಭಾಗ್ಯ, ಲಾಡಿಯೆಲ್ಲಾ ವೈರ್‌ಗೇ ಕಟ್ಬಿಟ್ರೆ ನಾವೇನೇ ಕಟ್ಕೊಳ್ಳೋದು? ಇಳಿದು ಬಾ, ಕಾಫಿ ಆರ್ತಿದೆ!"

"ನಿಮಗೊಂದು ಎತ್ತಿಟ್ಟಿದೀನಿ ಕಣಮ್ಮ, ಯೋಚ್ನೆ ಮಾಡ್ಬೇಡಿ!"

ನಗುತ್ತಾರೆ, ಆದರೆ ಕಾಫಿಗೆ ಇಳಿಯುವುದಿಲ್ಲ. ಕಂಬಗಳಿಗೆ ಜೋತುಬಿದ್ದ ವೈರ್‌ಗಳನ್ನು ತೆಗೆಯುವ ಗುತ್ತಿಗೆ ತಂಡ ಇವತ್ತು ಈ ಬೀದಿಗೆ ಬರುತ್ತಿದೆ. ಯಾರದೆಂದು ಗುರುತಿಲ್ಲದ ವೈರ್‌ಗೆ ಕತ್ತರಿಯೇ ಗತಿ. ಅದೇ ಬೆಳಿಗ್ಗೆ ಒಂಬತ್ತಕ್ಕೆ, ವಠಾರದ ಕೊನೆಯ ಮನೆಯಲ್ಲಿ ಮೀನಾ ಲ್ಯಾಪ್‌ಟಾಪ್ ಮುಂದೆ ಕೂರಬೇಕು. ಹೊರಗಿನಿಂದ ಬಂದವರಿಗೆ ಆನ್‌ಲೈನಿನಲ್ಲಿ ಕನ್ನಡ ಮಾತಾಡಲು ಕಲಿಸುತ್ತಾಳೆ ಈ ಹುಡುಗಿ. ಇವತ್ತು ಒಂದು ಆಫೀಸಿನವರು ಒಂದೇ ಒಂದು ಪಾಠ ಕೇಳಿ ನೋಡುತ್ತಾರೆ. ಹಿಡಿಸಿದರೆ ದಿನವೂ ಪಾಠ. ಇಲ್ಲವಾದರೆ ಅವಳು ಬಿಟ್ಟು ಬಂದ ಕಲಾಸಿಪಾಳ್ಯದ ಪಾರ್ಸೆಲ್ ಕೌಂಟರೇ ಮತ್ತೆ ಗತಿ.

"ಅವಳ ಲೈನು ಇವತ್ತು ಹೋಗ್ಬಾರ್ದು ಸಾರ್. ಒಂದ್ಸಲ ನನ್ನಿಂದಾನೇ ಹೋಗಿದೆ. ಇನ್ನೊಂದ್ಸಲ ಹೋದ್ರೆ ನಾನು ಯಾವ ಮುಖ ಇಟ್ಕೊಂಡು ಈ ವಠಾರಕ್ಕೆ ಬರ್ಲಿ?"

ಭಾಗ್ಯ ಮೊದಲು ಇದ್ದದ್ದು ಟೈಲರ್ ಅಂಗಡಿಯಲ್ಲಿ. ಹೊಲಿದ ರವಿಕೆ ಯಾರದೆಂದು ಚೀಟಿ ಬರೆದು ಹೊಲಿಯುವ ಕೆಲಸ. ಆಮೇಲೆ ಕೇಬಲ್ ಟಿವಿ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ. ಯಾವ ಮನೆಯ ವೈರ್ ಯಾವುದೆಂದು ಲೈನ್‌ಮನ್‌ಗಳಿಗೇ ಗೊತ್ತಿರುತ್ತಿರಲಿಲ್ಲ. ಒಂದು ಮನೆಯದು ಸರಿಮಾಡಲು ಹೋಗಿ ನಾಲ್ಕು ಮನೆಯದು ಕಿತ್ತು ಬರುತ್ತಿದ್ದರು. ಬೈಗುಳ ತಿನ್ನುತ್ತಿದ್ದದ್ದು ಫೋನ್ ಹಿಡಿದ ಭಾಗ್ಯ. "ಸಾಕಾಗೋಯ್ತು. ನಾನೇ ಒಂದಿನ ಇಂಕು, ಲಾಡಿ ತಗೊಂಡು ಹೊರಟ್ಬಿಟ್ಟೆ" ಎನ್ನುತ್ತಾರೆ. ಆ ಆಫೀಸು ಮುಚ್ಚಿತು, ಇವರ ಕೆಲಸ ಉಳಿಯಿತು.

ಈಗ ಬಸವನಗುಡಿ, ಮಲ್ಲೇಶ್ವರಂ, ಶೇಷಾದ್ರಿಪುರಂ ಅಂತ ದಿನಕ್ಕೆ ಎರಡು ಮೂರು ಮನೆ. ಟಿವಿ ಹಿಂದಿನ ಧೂಳು, ಅಟ್ಟದ ಜೇಡರಬಲೆ, ರೌಟರ್ ಪಕ್ಕದಲ್ಲಿ ಸಂಸಾರ ಹೂಡಿದ ಹಲ್ಲಿ, ಎಲ್ಲವನ್ನೂ ಸರಿಸಿ ವೈರ್‌ಗಳನ್ನು ಬಿಡಿಸುತ್ತಾರೆ. ನಮ್ಮ ಮನೆಯ ಟಿವಿ ಹಿಂದೆ ಬಗ್ಗಿ ನೋಡುವ ಧೈರ್ಯ ನನಗಂತೂ ಇಲ್ಲ. ಬಾಗಿಲು ತೆಗೆದವರು ಇವರ ಹಿಂದೆ ಇಣುಕಿ "ಮೆಕ್ಯಾನಿಕ್ ಬರ್ಲಿಲ್ವಾ?" ಅಂತ ಕೇಳುವುದು ಇನ್ನೂ ನಿಂತಿಲ್ಲ. "ಬಂದಿದಾರೆ, ನಾನೇ" ಅಂತ ಭಾಗ್ಯ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ. ಅಷ್ಟೇ ಉತ್ತರ.

ಕೆಲಸ ಶುರುವಾಗುವುದು ಪ್ರಶ್ನೆಯಿಂದ: ನಿಮ್ಮನೇಲಿ ಈ ಕೋಣೆಗೆ ಏನಂತೀರಿ? ಬಸವನಗುಡಿಯ ಒಂದು ಮನೆಯಲ್ಲಿ ಮೂಲೆಯ ಕೋಣೆಗೆ ಇವತ್ತಿಗೂ ಬಾಣಂತಿ ಕೋಣೆ ಅನ್ನುತ್ತಾರೆ. ಅಲ್ಲಿ ಈಗ ಮಲಗುವುದು ನಿವೃತ್ತ ತಾತ. ಭಾಗ್ಯ ಲಾಡಿಯ ಮೇಲೆ 'ಬಾಣಂತಿ ಕೋಣೆ' ಎಂದೇ ಬರೆದರು. ತಾತ ಸಿಡಿಮಿಡಿಗೊಂಡರಂತೆ. ಆದರೆ ನೆಟ್ ಹೋದಾಗ ಮನೆಯಲ್ಲಿ ಯಾರೂ ಯಾವ ವೈರ್ ಎಂದು ತಡಕಾಡುವುದಿಲ್ಲ.

ಇಷ್ಟು ಜಾಗ್ರತೆಯ ಹೆಂಗಸು ಎಡವಿದ್ದು ಒಂದು ಮಾತಿನಲ್ಲಿ. ಹೋದ ವರ್ಷ ಇದೇ ತಾರಸಿಯಲ್ಲಿ ಮೀನಾಳ ಮನೆಯ ವೈರ್‌ಗೆ 'ಹಿಂದಿನ ಮನೆ' ಎಂದು ಬರೆದಿದ್ದರು. ಆ ಮನೆ ಇರುವುದು ವಠಾರದ ಹಿಂಭಾಗದಲ್ಲಿ, ಎಲ್ಲರೂ ಹಾಗೇ ಕರೆಯುವುದು. ಹೊಸ ಸಂಪರ್ಕ ಕೊಡಲು ಬಂದ ಲೈನ್‌ಮನ್ ಅದನ್ನು ಓದಿ, ಓಹೋ, ಇದು ಹಿಂದೆ ಇದ್ದು ಖಾಲಿ ಮಾಡಿಕೊಂಡು ಹೋದವರದು ಅಂದುಕೊಂಡ. ಕಚಕ್ ಅಂತ ಕತ್ತರಿಸಿದ. ಕೆಳಗೆ ಮೀನಾ ಇನ್ನೊಂದು ಕಂಪನಿಗೆ ಮೊದಲ ಪಾಠ ಮಾಡುತ್ತಿದ್ದಳು. ಅರ್ಧಕ್ಕೆ ನಿಂತ ಪಾಠ ಬೇರೆಯವರ ಪಾಲಾಯಿತು.

"ಕತ್ತರಿಸಿದ್ದು ಅವನು. ಆದ್ರೆ ಬರ್ದಿದ್ದು ನಾನಲ್ವಾ?" ಭಾಗ್ಯ ಕಣ್ಣೊರೆಸಿಕೊಳ್ಳುತ್ತಾರೆ. "ಮೀನಾ ಒಂದು ಮಾತು ಅನ್ಲಿಲ್ಲ. ಅಂದಿದ್ರೆ ಚೆನ್ನಾಗಿರ್ತಿತ್ತು."

ಅವತ್ತಿನಿಂದ ಹಿಂದಿನ, ಮುಂದಿನ, ಹಳೇ, ಹೊಸ, ಇಂಥ ಮಾತುಗಳನ್ನೆಲ್ಲ ಬಿಟ್ಟಿದ್ದಾರೆ. ಜಾಗ ಬಿಟ್ಟು ಕದಲದ್ದನ್ನು ಮಾತ್ರ ಬರೆಯುತ್ತಾರೆ. ಮೀನಾಳ ವೈರ್ ಮೇಲೆ ಈಗ ಇರುವುದು 'ಬಾವಿಕಟ್ಟೆ ಪಕ್ಕದ ಮನೆ'. ಕೆಳಗೆ ಇನ್ನೊಂದು ಪದ, 'ಓಡ್ತಿದೆ'. ಅಂದರೆ ಬಳಕೆಯಲ್ಲಿದೆ, ಮುಟ್ಟಬೇಡಿ ಅಂತ.

ತಾರಸಿಯ ಕೆಲಸ ಮುಗಿಯಿತು. ಉಳಿದಿರುವುದು ಬೀದಿಯ ಕಂಬದಿಂದ ಈ ಪೆಟ್ಟಿಗೆಗೆ ಬರುವ ಮುಖ್ಯ ವೈರ್. ಇತ್ತಕಡೆಯ ತುದಿಗೆ ಲಾಡಿ ಬಿದ್ದಿದೆ. ಆದರೆ ಅತ್ತ ಕಂಬದಲ್ಲಿ ಅದು ಕಪ್ಪು ವೈರ್‌ಗಳ ದೊಡ್ಡ ಗಂಟಿನೊಳಗೆ ಕಳೆದುಹೋಗಿದೆ. ಕಂಬ ಹತ್ತಲು ಏಣಿ ಬೇಕು, ಏಣಿ ಇರುವುದು ತಂಡದವರ ಹತ್ತಿರ. ತಂಡ ಬರುವಷ್ಟರಲ್ಲಿ ಒಂಬತ್ತು ದಾಟಿದೆ, ಮೀನಾಳ ಪಾಠ ಶುರುವಾಗಿದೆ.

ತಂಡದ ಮೇಸ್ತ್ರಿ ರುದ್ರೇಶ್ ಏಣಿ ಒರಗಿಸಿ ಕತ್ತರಿ ತೆಗೆಯುತ್ತಾರೆ. "ಹೆಸರಿಲ್ದಿದ್ದೆಲ್ಲಾ ತೆಗೀರಿ ಅಂತ ಆರ್ಡರ್ ಅಕ್ಕ. ನಾನೇನ್ ಮಾಡ್ಲಿ?"

"ಹೆಸರು ಇಡೋಣ. ಹತ್ತಿ ಮೇಲೆ" ಎಂದು ಭಾಗ್ಯ ತಾರಸಿಯಿಂದ ಬರೆದಿಟ್ಟ ಲಾಡಿಯ ತುಂಡು ಎಸೆಯುತ್ತಾರೆ. "ನಾನಿಲ್ಲಿ ವೈರ್ ಮೆತ್ತಗೆ ಅಲ್ಲಾಡಿಸ್ತೀನಿ. ನಿಮ್ಮ ಕೈಗೆ ಯಾವ್ದು ಗೊತ್ತಾಗುತ್ತೋ ಅದಕ್ಕೆ ಕಟ್ಟಿ."

"'ಓಡ್ತಿದೆ' ಅಂತ ಬರ್ದಿದೀರಲ್ಲ, ಎಲ್ಲಿಗೆ ಓಡ್ತಿದೆ ಅಕ್ಕ?"

"ನನ್ನ ಜೀವಾನೇ ಓಡೋಗ್ತಿದೆ ಇಲ್ಲಿ! ಗಂಟು ಹಿಡ್ಕೊಳ್ಳಿ ನೀವು."

ಜೋರಾಗಿ ಎಳೆದರೆ ಪೆಟ್ಟಿಗೆಯಿಂದ ಕಿತ್ತು ಬರುತ್ತದೆ. ಎಳೆಯದಿದ್ದರೆ ಅಲ್ಲಿ ಗೊತ್ತಾಗುವುದಿಲ್ಲ. ಭಾಗ್ಯ ಎರಡು ಬೆರಳಲ್ಲಿ ವೈರ್ ಹಿಡಿದು ಮಿಡಿಯುತ್ತಾರೆ. "ಸಿಕ್ತು!" ಎನ್ನುತ್ತಾರೆ ರುದ್ರೇಶ್. ಉಳಿದದ್ದನ್ನು ಕತ್ತರಿಸಲು ಕತ್ತರಿ ಬಾಯಿ ತೆರೆಯುತ್ತದೆ. "ನಿಲ್ಲಿ! ಒಂದೇನಾ ಅಲ್ಲಾಡಿದ್ದು?" ರುದ್ರೇಶ್ ಬಗ್ಗಿ ನೋಡುತ್ತಾರೆ. ಒಂದಲ್ಲ, ಸುತ್ತಿಕೊಂಡ ಎರಡು ವೈರ್ ಜೊತೆಯಲ್ಲಿ ಅಲ್ಲಾಡಿವೆ. ಬೈದುಕೊಳ್ಳುತ್ತಾ ಎರಡನ್ನೂ ಬಿಡಿಸುತ್ತಾರೆ. ಮತ್ತೆ ಮಿಡಿತ. ಈ ಸಲ ಎಡಗೈಯಲ್ಲಿದ್ದದ್ದು ಮಾತ್ರ ಅಲುಗುತ್ತದೆ. ಅದಕ್ಕೆ ಲಾಡಿ ಬೀಳುತ್ತದೆ. ಉಳಿದ ಗಂಟು ಕತ್ತರಿಗೆ ಸಿಕ್ಕಿ ದೊಪ್ಪೆಂದು ರಸ್ತೆಗೆ ಬೀಳುತ್ತದೆ.

ಮೀನಾಳ ಮನೆಯಿಂದ ಸದ್ದಿಲ್ಲ.

ಭಾಗ್ಯ ಬರಿಗಾಲಲ್ಲೇ ಮೆಟ್ಟಿಲಿಳಿದು ಓಡುತ್ತಾರೆ, ಹಿಂದೆ ನಾನು. ಲಕ್ಷ್ಮೀದೇವಮ್ಮ ಆಗಲೇ ಬಾವಿಕಟ್ಟೆಯ ಹತ್ತಿರ ಬಾಯಿಗೆ ಸೆರಗು ಒತ್ತಿ ನಿಂತಿದ್ದಾರೆ. ಅರೆತೆರೆದ ಬಾಗಿಲಲ್ಲಿ ಮೀನಾಳ ಬೆನ್ನು ಕಾಣುತ್ತದೆ, ಅದರಾಚೆ ಪರದೆಯ ತುಂಬ ತಲೆಬಗ್ಗಿಸಿ ಬರೆದುಕೊಳ್ಳುತ್ತಿರುವ ಮುಖಗಳು. ಬರೆಯುತ್ತಿದ್ದರಂತೆ, ಅದಕ್ಕೇ ಮೌನ! ಅಷ್ಟರಲ್ಲಿ ಒಂದು ಮುಖ ಮೇಲೇಳುತ್ತದೆ. ಪಾಠ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದ ಆಫೀಸಿನ ಮುಖ್ಯಸ್ಥೆ ಅವರೇ. ಈಗಷ್ಟೇ ಕಲಿತ ಕನ್ನಡವನ್ನು ಒಂದೊಂದೇ ಪದವಾಗಿ ಜೋಡಿಸುತ್ತಾರೆ:

"ಮೀನಾ ಮೇಡಂ, ನಾಳೆ ಬನ್ನಿ. ನಾಡಿದ್ದು ಬನ್ನಿ. ದಿನಾ ಬನ್ನಿ."

ಮೀನಾ ತಿರುಗಿ ನೋಡುತ್ತಾಳೆ. ಬಾಗಿಲಲ್ಲಿ ಭಾಗ್ಯ ಅವರನ್ನು ಕಂಡವಳ ಕಣ್ಣು ತುಂಬುತ್ತದೆ. "ಭಾಗ್ಯಕ್ಕ, ಒಳಗೆ ಬನ್ನಿ, ಅಲ್ಯಾಕೆ ನಿಂತಿದೀರ?" ಎನ್ನುತ್ತಾಳೆ. ಭಾಗ್ಯ ಬೇಡ ಬೇಡ ಅಂತ ಕೈಯಾಡಿಸಿ, ಮೂಗು ಒರೆಸಿಕೊಂಡು, ದಡದಡ ಬೀದಿಗೆ ಬರುತ್ತಾರೆ. ರುದ್ರೇಶ್ ಏಣಿ ಹೆಗಲಿಗೇರಿಸಿಕೊಂಡು ಹೊರಟಿದ್ದಾರೆ.

"ಇನ್ನೂ ಯಾವ ಕಂಬ ಇದೆ ರುದ್ರೇಶ್? ನಾನೂ ಬರ್ತೀನಿ ನಡೀರಿ. ಯಾವ ಮನೇಲಿ ಯಾರು ಏನು ನಂಬ್ಕೊಂಡು ಕೂತಿದಾರೋ, ನಿಮಗೇನ್ ಗೊತ್ತು!"